ಊಟದ ರೂಢಿ ಮತ್ತು ದೇಹದ ತೂಕ

1. ವಿಷಯದ ವ್ಯಾಪ್ತಿ

ದೇಹದ ತೂಕ ಹೆಚ್ಚಾದವರಿಗೆ ಬೆಳಗಿನ ನಡಿಗೆ, ಓಟ, ಜಿಮ್ ಮೊದಲಾದ ವ್ಯಾಯಾಮಗಳೇ ಪರಿಹಾರವೆಂಬ ನಂಬಿಕೆ ಇಂದು ಕರ್ನಾಟಕದ ನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ಬೇರೂರಿದೆ. ವ್ಯಾಯಾಮದಿಂದ ಆರೋಗ್ಯಕ್ಕಾಗುವ ಲಾಭದ ಬಗ್ಗೆ ವೈದ್ಯಶಾಸ್ತ್ರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ತೂಕವನ್ನು ಇಳಿಸುವ ಸೀಮಿತ ಉದ್ದೇಶವನ್ನೇ ಮುಂದಿಟ್ಟುಕೊಂಡು ಕಳೆದ ನೂರೈವತ್ತು ವರ್ಷಗಳಲ್ಲಿ ಶರೀರಕ್ರಿಯಾಶಾಸ್ತ್ರವೂ ಪೋಷಣಾಶಾಸ್ತ್ರವೂ ಕಲೆಹಾಕಿರುವ ಆಧಾರಗಳನ್ನು ಪರಿಶೀಲಿಸಿದರೆ, ಪ್ರಧಾನ ಸ್ಥಾನ ಊಟದ ರೂಢಿಯ ಬದಲಾವಣೆಗೆ ಸಲ್ಲುತ್ತದೆ, ವ್ಯಾಯಾಮಕ್ಕೆ ಸಲ್ಲುವುದು ಪೋಷಕ ಸ್ಥಾನ. ಈ ಕ್ರಮ ಏಕೆ ಹೀಗಿದೆ ಎಂಬುದನ್ನು ವಿವರಿಸುವುದು, ಹಾಗೂ ಹೊಟ್ಟೆ ತುಂಬಿಸುತ್ತಲೇ ಶಕ್ತಿಯ ಸೇವನೆಯನ್ನು ತಗ್ಗಿಸುವ ಊಟವನ್ನು ಕನ್ನಡನಾಡಿನ ಅಡುಗೆಮನೆಯಲ್ಲಿಯೇ ರೂಪಿಸಲು ಸಾಧ್ಯವೆಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲಿಗೆ ಅಳತೆಯ ವಿಚಾರ. ಕಿಲೋಗ್ರಾಮ್‌ಗಳಲ್ಲಿ ಅಳೆದ ತೂಕವನ್ನು ಮೀಟರ್‌ಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, ಎಂದು ಹೆಸರು. ಅಂತರರಾಷ್ಟ್ರೀಯ ಮಾನದಂಡದಂತೆ ಇದು 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಭಾರತೀಯರಿಗೆ ಮಾತ್ರ ವೈದ್ಯರು 23 ಮತ್ತು 25 ಎಂಬ ಕೆಳಗಿನ ಗೆರೆಗಳನ್ನು ಬಳಸುತ್ತಾರೆ. ಇದರ ಕಾರಣವನ್ನು ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ ಯಾಜ್ಞಿಕರು ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಅವರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿಟ್ಟು ತೋರಿಸಿದರು: ಇಬ್ಬರ ಬಿಎಂಐ ಕೂಡ 22.3 ಆಗಿದ್ದರೂ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪಾಲು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ನೋಡಲು ತೆಳ್ಳಗಿರುವ ಭಾರತೀಯ ದೇಹವೂ ಒಳಗೆ, ವಿಶೇಷವಾಗಿ ಹೊಟ್ಟೆಯ ಭಾಗದಲ್ಲಿ, ಕೊಬ್ಬನ್ನು ಅಡಗಿಸಿಕೊಂಡಿರಬಹುದು. ಆದ್ದರಿಂದ ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ಗಮನಿಸಬೇಕು. ಅದು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 25 ಎಂಬ ಗೆರೆಯನ್ನೇ ಇಟ್ಟುಕೊಂಡು ಅಳೆದಾಗಲೂ ದೇಶದ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 22.9 ಮಂದಿ ಅಧಿಕ ತೂಕದವರೆಂದು ಕಂಡುಬಂದಿತು; ಕರ್ನಾಟಕದಲ್ಲಿ ಈ ಪ್ರಮಾಣ ಇಬ್ಬರಲ್ಲಿಯೂ ಹತ್ತಕ್ಕೆ ಮೂವರಷ್ಟಿತ್ತು.

2. ಚರಕಸಂಹಿತೆಯ ದೃಷ್ಟಿ

ತೂಕದ ಚಿಕಿತ್ಸೆಯಲ್ಲಿ ಆಹಾರವನ್ನು ಕೇಂದ್ರದಲ್ಲಿಡುವ ವಿಚಾರ ಭಾರತಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೌಲ್ಯವನ್ನು, ಅಂದರೆ ಮಿತಿಮೀರಿದ ಬೊಜ್ಜನ್ನು, ವಿಸ್ತಾರವಾಗಿ ಚರ್ಚಿಸುತ್ತದೆ. ಅತಿಯಾದ ಊಟ, ಜಿಡ್ಡು ಮತ್ತು ಸಿಹಿಯ ಪದಾರ್ಥಗಳು, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ, ಚಿಂತೆಯಿಲ್ಲದಿರುವುದು ಮತ್ತು ಹುಟ್ಟಿನಿಂದ ಬಂದ ಬೀಜಸ್ವಭಾವ ಇವೆಲ್ಲವನ್ನೂ ಅದು ಕಾರಣಗಳಾಗಿ ಎಣಿಸುತ್ತದೆ. ಇವುಗಳಲ್ಲಿ ಕೊನೆಯದು ಇಂದಿನ ಪರಿಭಾಷೆಯಲ್ಲಿ ಆನುವಂಶಿಕತೆ. ಸ್ಥೂಲದೇಹಿಗೆ ಹಸಿವು ಹೆಚ್ಚಾಗಿರುವುದರಿಂದಲೇ ಚಿಕಿತ್ಸೆ ಕಠಿಣವೆಂದು ಆ ಗ್ರಂಥ ಗುರುತಿಸಿರುವುದು ವಿಶೇಷವಾಗಿ ಗಮನಾರ್ಹ.

ಅಲ್ಲಿ ಹೇಳಿರುವ ಚಿಕಿತ್ಸಾತತ್ತ್ವ ಇನ್ನೂ ಗಮನಾರ್ಹ. ಸ್ಥೂಲದೇಹಿಗೆ ಕೊಡುವ ಆಹಾರ ‘ಗುರು’ವಾಗಿಯೂ ‘ಅತರ್ಪಣ’ವಾಗಿಯೂ ಇರಬೇಕು, ಅಂದರೆ ನಿಧಾನವಾಗಿ ಜೀರ್ಣವಾಗಿ ಹಸಿವನ್ನು ತಡೆಯುವಂತಿರಬೇಕು, ಆದರೆ ದೇಹವನ್ನು ಬೆಳೆಸುವಂತಿರಬಾರದು ಎಂಬುದು ಅದರ ಸಾರ. ಇದಕ್ಕೆ ಅನುಗುಣವಾಗಿ ಜವೆ, ನವಣೆ, ಸಾಮೆ, ಹಾರಕ, ಜೋಳ, ಹೆಸರು, ಹುರುಳಿ ಮೊದಲಾದ ಧಾನ್ಯಗಳು ಆ ಪಟ್ಟಿಯಲ್ಲಿ ಕಾಣಸಿಗುತ್ತವೆ. ವ್ಯಾಯಾಮವನ್ನೂ ಗ್ರಂಥ ವಿಧಿಸುತ್ತದೆ, ಆದರೆ ಕ್ರಮಕ್ರಮವಾಗಿ ಹೆಚ್ಚಿಸಿಕೊಂಡು ಹೋಗುವಂತೆ ಸೂಚಿಸುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ವೈದ್ಯವನ್ನು ಆಧುನಿಕ ಪ್ರಯೋಗಗಳಿಗೆ ಸಮನೆಂದು ಭಾವಿಸುವ ಅಗತ್ಯವಿಲ್ಲ. ಹಸಿವನ್ನು ತಣಿಸದ ಯಾವ ಪಥ್ಯವೂ ನಿಲ್ಲುವುದಿಲ್ಲವೆಂಬ ವೀಕ್ಷಣೆ ಅಷ್ಟು ಹಿಂದೆಯೇ ದಾಖಲಾಗಿತ್ತೆಂಬುದನ್ನು ಮನಗಂಡರೆ ಸಾಕು.

3. ಲಂಡನ್ನಿನ ಬ್ಯಾಂಟಿಂಗ್ ಪ್ರಕರಣ

ಆಧುನಿಕ ಕಾಲದಲ್ಲಿ ಈ ಚರ್ಚೆಯನ್ನು ಸಾರ್ವಜನಿಕರ ಮುಂದೆ ತಂದವನು ವೈದ್ಯನಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ಪ್ರಸಿದ್ಧ ಮನೆತನಕ್ಕೆ ಸೇರಿದ ವಿಲಿಯಂ ಬ್ಯಾಂಟಿಂಗ್ 1863ರಲ್ಲಿ ತನ್ನ ಬೊಜ್ಜಿನ ವೃತ್ತಾಂತವನ್ನು ಒಂದು ಬಹಿರಂಗ ಪತ್ರದ ರೂಪದಲ್ಲಿ ಅಚ್ಚು ಹಾಕಿಸಿದನು. ಐದಡಿ ಐದಂಗುಲ ಎತ್ತರದ ಅವನ ತೂಕ 202 ಪೌಂಡು, ಅಂದರೆ ಸುಮಾರು 92 ಕಿಲೋ, ತಲುಪಿತ್ತು. ವೈದ್ಯರ ಸಲಹೆಯಂತೆ ಅವನು ಮುಂಜಾನೆ ದೋಣಿಗೆ ಹುಟ್ಟು ಹಾಕುವ ಶ್ರಮವನ್ನು ಕೈಗೊಂಡಾಗ ತೋಳುಗಳಿಗೆ ಬಲ ಬಂದಿತು, ಆದರೆ ಅದರೊಂದಿಗೆ ಹಸಿವೂ ವಿಪರೀತವಾಗಿ ಬೆಳೆದು ತೂಕ ಏರಿತು. ಕೊನೆಗೆ ಕಿವಿಯ ತಜ್ಞ ವೈದ್ಯ ವಿಲಿಯಂ ಹಾರ್ವೆ ಅವನ ಊಟದಿಂದ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು ಮತ್ತು ಆಲೂಗಡ್ಡೆಗಳನ್ನು ಬಿಡಿಸಿ, ಮಾಂಸ, ಮೀನು, ತರಕಾರಿಗಳನ್ನು ಮುಂದುವರಿಸಲು ಹೇಳಿದನು. ಒಂದು ವರ್ಷದಲ್ಲಿ 66 ವಯಸ್ಸಿನ ಆ ಮನುಷ್ಯನ ತೂಕ 156 ಪೌಂಡಿಗೆ ಇಳಿಯಿತು.

ಒಬ್ಬ ವ್ಯಕ್ತಿಯ ಅನುಭವ ವೈಜ್ಞಾನಿಕ ಪುರಾವೆಯಾಗಲಾರದು. ಆದರೂ ದೇಹವನ್ನು ಹೆಚ್ಚು ದುಡಿಸಿದರೆ ಹಸಿವು ಅದಕ್ಕೆ ಬೆಲೆ ಕೇಳುತ್ತದೆಂಬುದೂ, ಊಟದ ಪದಾರ್ಥಗಳು ಬದಲಾದರೆ ಹಸಿವಿನ ತೀವ್ರತೆಯೂ ಬದಲಾಗುತ್ತದೆಂಬುದೂ ಈ ಪ್ರಕರಣದಿಂದ ಹೊರಟ ಎರಡು ಸೂಚನೆಗಳು. ಮುಂದಿನ ಶತಮಾನದ ಸಂಶೋಧನೆ ಇವೆರಡನ್ನೂ ಪರೀಕ್ಷೆಗೆ ಒಡ್ಡಿತು.

4. ಶಕ್ತಿಯ ಲೆಕ್ಕಾಚಾರ

ಆಹಾರದಲ್ಲಿರುವ ಶಕ್ತಿಯನ್ನು ಅಳೆಯುವ ಮಾನ ಕಿಲೋಕ್ಯಾಲರಿ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಏರಿಸಲು ಬೇಕಾಗುವ ಶಾಖವಿದು, ಬಳಕೆಯ ಮಾತಿನಲ್ಲಿ ಇದನ್ನೇ ಕ್ಯಾಲರಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಮನುಷ್ಯನನ್ನೇ ಮುಚ್ಚಿದ ಕೋಣೆಯೊಳಗೆ ಇರಿಸಿ, ಅವನ ದೇಹ ಹೊರಸೂಸುವ ಶಾಖವನ್ನು ಅಳೆಯುವ ಪ್ರಯೋಗಗಳನ್ನು ನಡೆಸಿದನು. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ 4, ಒಂದು ಗ್ರಾಂ ಪ್ರೋಟೀನಿನಿಂದ 4, ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋಕ್ಯಾಲರಿ ಶಕ್ತಿ ದೇಹಕ್ಕೆ ದೊರೆಯುತ್ತದೆಂಬ, ಇಂದಿಗೂ ಆಹಾರದ ಪೊಟ್ಟಣಗಳ ಮೇಲೆ ಅಚ್ಚಾಗುವ ಲೆಕ್ಕ ಅವನ ಕೆಲಸದ ಫಲ.

ದೇಹ ಈ ಶಕ್ತಿಯನ್ನು ಮೂರು ಬಾಬ್ತುಗಳಲ್ಲಿ ವ್ಯಯಿಸುತ್ತದೆ. ಉಸಿರಾಟ, ಹೃದಯದ ಬಡಿತ, ಮಿದುಳು ಮತ್ತು ಯಕೃತ್ತಿನ ಕೆಲಸ ಮೊದಲಾದ, ಮಲಗಿದ್ದಾಗಲೂ ನಿಲ್ಲದ ಕ್ರಿಯೆಗಳಿಗೆ ತಗಲುವುದು ವಿಶ್ರಾಂತಿ ಚಯಾಪಚಯ. ಹೆಚ್ಚು ಶ್ರಮವಿಲ್ಲದ ಜೀವನ ನಡೆಸುವವರಲ್ಲಿ ಒಟ್ಟು ಖರ್ಚಿನ ಶೇ. 60ರಿಂದ 70 ಇದಕ್ಕೇ ಹೋಗುತ್ತದೆ. ಉಂಡದ್ದನ್ನು ಅರಗಿಸಲು ಸುಮಾರು ಶೇ. 10 ಬೇಕು. ಉಳಿದ ಪಾಲು ಮಾತ್ರ ಎಲ್ಲ ಬಗೆಯ ಚಲನವಲನಗಳಿಗೆ, ಮತ್ತು ಅದರಲ್ಲಿಯೂ ಒಂದು ಅಂಶ ಮಾತ್ರ ಉದ್ದೇಶಪೂರ್ವಕ ವ್ಯಾಯಾಮಕ್ಕೆ. ವ್ಯಾಯಾಮದ ಕೈಗೆ ಸಿಗುವುದು ಒಟ್ಟು ವ್ಯಯದ ಒಂದು ಸಣ್ಣ ಭಾಗ; ಊಟದ ಕೈಯಲ್ಲಿರುವುದು ಒಟ್ಟು ಆದಾಯ.

ಅಂಕಿಗಳಿಂದ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 70 ಕಿಲೋ ತೂಕದ ವ್ಯಕ್ತಿಯೊಬ್ಬ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ, ಸುಮ್ಮನೆ ಕುಳಿತಿದ್ದಾಗಲೂ ಆಗುತ್ತಿದ್ದ ಖರ್ಚನ್ನು ಕಳೆದು ನೋಡಿದಾಗ, ಹೆಚ್ಚುವರಿಯಾಗಿ ವ್ಯಯವಾಗುವುದು ಸುಮಾರು 170 ಕಿಲೋಕ್ಯಾಲರಿ. ತಲಾ ಎರಡು ಟೀ ಚಮಚ, ಅಂದರೆ 10 ಗ್ರಾಂ, ಸಕ್ಕರೆ ಹಾಕಿದ ಕಾಫಿಯನ್ನು ದಿನಕ್ಕೆ ನಾಲ್ಕು ಬಾರಿ ಕುಡಿಯುವವನಿಗೆ ಸಕ್ಕರೆಯೊಂದರಿಂದಲೇ 160 ಕಿಲೋಕ್ಯಾಲರಿ ಸೇರುತ್ತದೆ; ಒಗ್ಗರಣೆಗೆ ಸುರಿದ ಒಂದು ದೊಡ್ಡ ಚಮಚ ಎಣ್ಣೆಯಿಂದ 125ರಷ್ಟು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಅಡಗಿರುವುದರಿಂದ, ಬರಿಯ ನಡಿಗೆಯಿಂದ ಅದನ್ನು ಕರಗಿಸಲು ನಲವತ್ತೈದು ಗಂಟೆಗಳ ಶ್ರಮ ಬೇಕು, ಅದೂ ಊಟ ಒಂದು ತುತ್ತೂ ಹೆಚ್ಚದೆ ಇದ್ದರೆ ಮಾತ್ರ. ವಾರಕ್ಕೆ 150ರಿಂದ 250 ನಿಮಿಷಗಳ ವ್ಯಾಯಾಮವನ್ನಷ್ಟೇ ನೆಚ್ಚಿದವರಲ್ಲಿ ತೂಕದ ಇಳಿಕೆ ಸಾಮಾನ್ಯವಾಗಿ ಎರಡು ಮೂರು ಕಿಲೋಗಳಿಗೆ ನಿಲ್ಲುತ್ತದೆಂದು ಅಮೆರಿಕದ ಕ್ರೀಡಾವೈದ್ಯ ಸಂಸ್ಥೆಯೇ 2009ರ ತನ್ನ ನಿಲುವಿನಲ್ಲಿ ಒಪ್ಪಿಕೊಂಡಿದೆ.

5. ಹಸಿವು ಮತ್ತು ದೇಹದ ಪ್ರತಿತಂತ್ರ

ಲೆಕ್ಕಾಚಾರಕ್ಕಿಂತಲೂ ಮುಖ್ಯವಾದುದು ದೇಹದ ಪ್ರತಿಕ್ರಿಯೆ. ಜೀನ್ ಮೇಯರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕೊಲ್ಕತ್ತದ ಸಮೀಪದ ಚೆಂಗೈಲಿನ ಸೆಣಬಿನ ಗಿರಣಿಯೊಂದರ 213 ಮಂದಿಯನ್ನು ಅಧ್ಯಯನ ಮಾಡಿ 1956ರಲ್ಲಿ ಪ್ರಕಟಿಸಿದ ಫಲಿತಾಂಶ ಈ ವಿಷಯದಲ್ಲಿ ಮೈಲಿಗಲ್ಲು. ಹಗುರ ಕೆಲಸದಿಂದ ಹಿಡಿದು ಮೂಟೆ ಹೊರುವ ಕೆಲಸದವರೆಗೆ ಶ್ರಮ ಹೆಚ್ಚಿದಂತೆ ಊಟವೂ ಹೆಚ್ಚಿತ್ತು, ಆದ್ದರಿಂದ ಅವರ ತೂಕದಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ; ಆದರೆ ದಿನವಿಡೀ ಕುಳಿತೇ ಇರುವವರ ಊಟ ಶ್ರಮಕ್ಕೆ ತಕ್ಕಂತೆ ಇಳಿಯದೆ ಮೇಲೇ ಉಳಿದಿತ್ತು, ಅವರ ತೂಕವೂ ಹೆಚ್ಚಾಗಿತ್ತು. ದುಡಿಮೆ ಏರಿದರೆ ಹಸಿವು ಅದನ್ನು ಹಿಂಬಾಲಿಸುತ್ತದೆ, ದುಡಿಮೆ ಒಂದು ಮಟ್ಟಕ್ಕಿಂತ ಇಳಿದರೆ ಹಸಿವು ಹಿಂಬಾಲಿಸಿ ಇಳಿಯುವುದಿಲ್ಲ ಎಂಬ ಈ ಅಸಮತೋಲನವೇ ಕುರ್ಚಿಯ ಮೇಲೆ ದಿನ ಕಳೆಯುವ ಇಂದಿನ ಉದ್ಯೋಗಿಯ ಸಮಸ್ಯೆಯ ಮೂಲ.

ಟಾಂಜಾನಿಯಾದ ಹಾಡ್ಜಾ ಜನರು ಬೇಟೆ ಮತ್ತು ಕಾಡಿನ ಗೆಡ್ಡೆ, ಹಣ್ಣು, ಜೇನುಗಳ ಸಂಗ್ರಹದಿಂದ ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಸಹೋದ್ಯೋಗಿಗಳು ಅವರ ದೈನಂದಿನ ಶಕ್ತಿವ್ಯಯವನ್ನು, ವಿಶೇಷ ಸಮಸ್ಥಾನಿಗಳಿರುವ ನೀರನ್ನು ಕುಡಿಸಿ ಮೂತ್ರದ ಪರೀಕ್ಷೆಯಿಂದ ಲೆಕ್ಕ ಹಾಕುವ ನಿಖರ ವಿಧಾನದಲ್ಲಿ ಅಳೆದು 2012ರಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡಾಗ, ದಿನವೂ ಮೈಲಿಗಟ್ಟಲೆ ನಡೆಯುವ ಹಾಡ್ಜಾ ಜನರ ಒಟ್ಟು ವ್ಯಯ ಪಾಶ್ಚಾತ್ಯ ನಗರವಾಸಿಗಳ ವ್ಯಯಕ್ಕಿಂತ ಹೆಚ್ಚಿರಲಿಲ್ಲ. ಚಟುವಟಿಕೆ ಹೆಚ್ಚಾದಾಗ ದೇಹ ಬೇರೆ ಬಾಬ್ತುಗಳಲ್ಲಿ ಉಳಿತಾಯ ಮಾಡಿ ಒಟ್ಟು ಖರ್ಚನ್ನು ಒಂದು ಮಿತಿಯೊಳಗೆ ಇಟ್ಟುಕೊಳ್ಳುತ್ತದೆಂಬುದು ಪಾಂಟ್ಜರ್ ಮಂಡಿಸಿದ ವಿವರಣೆ; ಈ ಉಳಿತಾಯದ ಪ್ರಮಾಣದ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ.

ಊಟವನ್ನು ಬಲವಂತವಾಗಿ ಕಡಿತಗೊಳಿಸಿದರೂ ದೇಹ ಸುಮ್ಮನಿರುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಆನ್ಸೆಲ್ ಕೀಸ್ ಮಿನೆಸೋಟಾದಲ್ಲಿ 36 ಮಂದಿ ಸ್ವಯಂಸೇವಕರನ್ನು 24 ವಾರಗಳ ಕಾಲ ದಿನಕ್ಕೆ ಸುಮಾರು 1,570 ಕಿಲೋಕ್ಯಾಲರಿಯ ಆಹಾರದಲ್ಲಿ ಇರಿಸಿದಾಗ ಅವರ ತೂಕ ಕಾಲುಭಾಗ ಇಳಿಯಿತು. ಜೊತೆಗೆ ಖಿನ್ನತೆ, ನಿಶ್ಶಕ್ತಿ ಮತ್ತು ಊಟದ ಹೊರತು ಬೇರೇನನ್ನೂ ಯೋಚಿಸಲಾಗದ ಸ್ಥಿತಿ ಆವರಿಸಿತು. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಕಠಿಣ ಪಥ್ಯ ಮತ್ತು ವಿಪರೀತ ವ್ಯಾಯಾಮದಿಂದ ಸರಾಸರಿ 58 ಕಿಲೋ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ಅವರ ತಂಡ ಪರೀಕ್ಷಿಸಿದಾಗ, ಅವರು ಸರಾಸರಿ 41 ಕಿಲೋ ಮರಳಿ ಪಡೆದಿದ್ದರು; ಅವರ ವಿಶ್ರಾಂತಿ ಚಯಾಪಚಯ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಕಡಿಮೆಯಾಗಿತ್ತು. ಕೊಬ್ಬಿನ ಸಂಗ್ರಹ ಇಳಿದಾಗ, 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ, ಕೊಬ್ಬಿನ ಕೋಶಗಳೇ ಸ್ರವಿಸುವ ಹಾರ್ಮೋನು ತಗ್ಗಿ, ಹಸಿವನ್ನು ಕೆರಳಿಸುವ ಸಂದೇಶ ಮಿದುಳಿಗೆ ತಲುಪುತ್ತದೆ.

ಉಪವಾಸ ಮಾಡಿ ತೂಕ ಇಳಿಸಿ ಮತ್ತೆ ಹಳೆಯ ತೂಕಕ್ಕೆ ಮರಳಿದವರನ್ನು ಮನೋಬಲವಿಲ್ಲದವರೆಂದು ಹಳಿಯುವುದು ಆದ್ದರಿಂದ ಅನ್ಯಾಯ. ಅವರು ಹೋರಾಡುತ್ತಿರುವುದು ಬರಗಾಲಗಳನ್ನು ದಾಟಿ ಬಂದ ಮನುಷ್ಯದೇಹದ ಸ್ವರಕ್ಷಣೆಯ ಏರ್ಪಾಡಿನೊಂದಿಗೆ. ಹಸಿವನ್ನು ಎದುರು ಹಾಕಿಕೊಳ್ಳದೆ ಅದನ್ನು ತಣಿಸುವ ಊಟವನ್ನು ಆರಿಸಿಕೊಳ್ಳುವುದೊಂದೇ ಉಳಿಯಬಲ್ಲ ಮಾರ್ಗ.

6. ಯಾವ ಊಟ ಹಸಿವನ್ನು ತಣಿಸುತ್ತದೆ?

ಇದಕ್ಕೆ ಸ್ಪಷ್ಟ ಉತ್ತರ ನೀಡಿದ ಪ್ರಯೋಗ 2019ರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಯನ್ನು ಸಂಸ್ಥೆಯೊಳಗೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಹಜ ಪದಾರ್ಥಗಳಿಂದ ಮಾಡಿದ ಅಡುಗೆಯನ್ನೂ ಬಡಿಸಿತು. ಕಾರ್ಖಾನೆಯಲ್ಲಿ ಪಿಷ್ಟ, ಸಕ್ಕರೆ, ಎಣ್ಣೆಗಳನ್ನು ಬೇರ್ಪಡಿಸಿ, ಬಣ್ಣ, ಪರಿಮಳ ಮತ್ತು ಇತರ ಸಂಯೋಜಕಗಳೊಡನೆ ಮರುಜೋಡಿಸಿದ ತಿನಿಸುಗಳೇ ಅತಿಸಂಸ್ಕರಿತ ಆಹಾರ. ಮುಂದಿಟ್ಟ ಎರಡೂ ಊಟಗಳಲ್ಲಿ ಶಕ್ತಿ, ಸಕ್ಕರೆ, ಕೊಬ್ಬು, ನಾರು ಸಮವಾಗಿದ್ದವು, ಬೇಕಾದಷ್ಟು ತಿನ್ನಲು ಸ್ವಾತಂತ್ರ್ಯವಿತ್ತು. ಆದರೂ ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಹೆಚ್ಚು ತಿಂದು 0.9 ಕಿಲೋ ಏರಿದರು; ಸಹಜ ಅಡುಗೆಯ ಅವಧಿಯಲ್ಲಿ ಯಾವ ನಿರ್ಬಂಧವೂ ಇಲ್ಲದೆ ಅಷ್ಟೇ ಇಳಿದರು. ಮೆತ್ತಗಿದ್ದು ಬೇಗ ನುಂಗಲಾಗುವ ತಿನಿಸು, ತೃಪ್ತಿಯ ಸಂದೇಶ ಮಿದುಳಿಗೆ ತಲುಪುವ ಮೊದಲೇ ಹೊಟ್ಟೆ ಸೇರಿಬಿಡುತ್ತದೆಂಬುದು ಇದರ ಒಂದು ವಿವರಣೆ.

ಎರಡನೆಯ ಅಂಶ ಶಕ್ತಿಸಾಂದ್ರತೆ, ಅಂದರೆ ಒಂದು ನಿರ್ದಿಷ್ಟ ತೂಕದ ಆಹಾರದಲ್ಲಿ ಅಡಗಿರುವ ಶಕ್ತಿಯ ಪ್ರಮಾಣ. ನೂರು ಗ್ರಾಂ ಸೌತೆಕಾಯಿ ಅಥವಾ ಸೋರೆಕಾಯಿಯಲ್ಲಿ 20 ಕಿಲೋಕ್ಯಾಲರಿಯೂ ಇರುವುದಿಲ್ಲ. ಬೆಂದ ಅನ್ನದಲ್ಲಿ ಸುಮಾರು 130. ಬಿಸ್ಕತ್ತು ಮತ್ತು ಕರಿದ ತಿಂಡಿಗಳಲ್ಲಿ 500ರ ಆಸುಪಾಸು. ಹೊಟ್ಟೆ ತುಂಬಿದ ಭಾವನೆ ಬಹುಮಟ್ಟಿಗೆ ಆಹಾರದ ಗಾತ್ರ ಮತ್ತು ತೂಕವನ್ನು ಅವಲಂಬಿಸಿರುವುದರಿಂದ, ನೀರು ಮತ್ತು ನಾರು ಹೆಚ್ಚಿರುವ ಪದಾರ್ಥಗಳು ತಟ್ಟೆಯಲ್ಲಿ ಹೆಚ್ಚಿದಷ್ಟೂ ಅದೇ ತೃಪ್ತಿ ಕಡಿಮೆ ಶಕ್ತಿಯಲ್ಲಿ ದೊರೆಯುತ್ತದೆ. ಮೂರನೆಯದು ಪ್ರೋಟೀನು: ಇದು ಹಸಿವನ್ನು ದೀರ್ಘಕಾಲ ತಡೆಯುತ್ತದೆ, ಮತ್ತು ಇದರ ಶಕ್ತಿಯ ಶೇ. 20ರಿಂದ 30ರಷ್ಟು ಅರಗಿಸುವುದಕ್ಕೇ ಖರ್ಚಾಗುತ್ತದೆ.

ಕಡಿಮೆ ಕೊಬ್ಬೋ ಕಡಿಮೆ ಪಿಷ್ಟವೋ ಎಂಬ ಜನಪ್ರಿಯ ಜಗಳಕ್ಕೆ ಸ್ಟ್ಯಾನ್‌ಫರ್ಡಿನಲ್ಲಿ 609 ಮಂದಿಯ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಬಹುಮಟ್ಟಿಗೆ ತೆರೆ ಎಳೆದಿದೆ. ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6.0 ಕಿಲೋ ಇಳಿಸಿತು, ಈ ವ್ಯತ್ಯಾಸ ಗಣನೀಯವಲ್ಲ. ಎರಡೂ ಗುಂಪುಗಳಿಗೆ ಸಾಮಾನ್ಯವಾಗಿದ್ದ ಸೂಚನೆಯೆಂದರೆ ತರಕಾರಿ ಹೆಚ್ಚಿಸಿ, ಸಕ್ಕರೆ ಮತ್ತು ಮೈದಾ ತಗ್ಗಿಸಿ, ಮನೆಯಲ್ಲಿ ಅಡುಗೆ ಮಾಡಿಕೊಳ್ಳಬೇಕೆಂಬುದು. ದಿನದ ಎಂಟು ಗಂಟೆಗಳ ಅವಧಿಯಲ್ಲಿ ಮಾತ್ರ ಉಣ್ಣುವ ಪದ್ಧತಿಯ ಬಗ್ಗೆಯೂ ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ, ಒಟ್ಟು ಶಕ್ತಿಯ ಮಿತಿ ಎರಡು ಗುಂಪುಗಳಿಗೂ ಒಂದೇ ಆಗಿದ್ದಾಗ ವೇಳೆಯ ನಿರ್ಬಂಧದಿಂದ ಹೆಚ್ಚಿನ ಲಾಭವಿಲ್ಲವೆಂದು ತೋರಿಸಿತು. ರಾತ್ರಿಯ ಕುರುಕಲು ತಿಂಡಿಯನ್ನು ತಪ್ಪಿಸಲು ವೇಳೆಯ ನಿಯಮ ಕೆಲವರಿಗೆ ನೆರವಾಗಬಹುದು, ಆದರೆ ಗಡಿಯಾರಕ್ಕೆ ತಾನಾಗಿಯೇ ತೂಕ ಇಳಿಸುವ ಗುಣವಿಲ್ಲ.

7. ಕರ್ನಾಟಕದ ತಟ್ಟೆ

ಈ ತತ್ತ್ವಗಳನ್ನು ಕನ್ನಡಿಗರ ಊಟಕ್ಕೆ ಅನ್ವಯಿಸಿದಾಗ ಮೊದಲು ಕಾಣುವುದು ಧಾನ್ಯದ ಅತಿಭಾರ. ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆ ತಿಳಿಸುತ್ತದೆ. ಬೆಳಿಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಬೇಕರಿಯ ಬನ್ನು ಅಥವಾ ಬಜ್ಜಿ, ರಾತ್ರಿ ಮತ್ತೆ ಅನ್ನ ಅಥವಾ ಚಪಾತಿ ಎಂಬ ಸಾಮಾನ್ಯ ದಿನಚರಿಯಲ್ಲಿ ಬೇಳೆಯ ಪಾಲು ತೆಳುವಾದ ಸಾರಿಗೆ, ತರಕಾರಿಯ ಪಾಲು ಪಲ್ಯದ ಎರಡು ಚಮಚಕ್ಕೆ ಸೀಮಿತವಾಗಿಬಿಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಮಾರ್ಗದರ್ಶಿಯಲ್ಲಿ 2,000 ಕಿಲೋಕ್ಯಾಲರಿಯ ದಿನದೂಟಕ್ಕೆ ಸೂಚಿಸಿರುವುದು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಕಾಯಿಬೀಜಗಳು ಮತ್ತು 27 ಗ್ರಾಂ ಎಣ್ಣೆ. ತರಕಾರಿಯ ತೂಕ ಧಾನ್ಯದ ತೂಕವನ್ನು ಮೀರಿರುವ ತಟ್ಟೆ ಇಂದಿನ ಬಹುತೇಕ ಮನೆಗಳಲ್ಲಿ ಕಾಣಸಿಗುವುದಿಲ್ಲ.

ಸಿರಿಧಾನ್ಯಗಳ ಬಗ್ಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲರಿ, ಅಕ್ಕಿಯಲ್ಲಿ ಸುಮಾರು 355. ಶಕ್ತಿಯ ಅಂತರ ಅಲ್ಪ. ಅಕ್ಕಿಯ ಜಾಗದಲ್ಲಿ ರಾಗಿ ಬಂದ ಮಾತ್ರಕ್ಕೆ ತೂಕ ಇಳಿಯುತ್ತದೆಂಬ ಪ್ರಚಾರ ಆದ್ದರಿಂದ ಅರ್ಧಸತ್ಯ. ರಾಗಿಯ ನಿಜವಾದ ಹಿರಿಮೆ ಅದರ ನಾರಿನಂಶದಲ್ಲಿದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಅದಕ್ಕಿಂತ ಮಿಗಿಲಾದುದು ಮುದ್ದೆಯ ಜೊತೆಗೆ ಬರುವ ವ್ಯಂಜನಗಳ ಸಂಪತ್ತು. ಹುರುಳಿಕಾಳಿನ ಬಸ್ಸಾರು, ಮಸ್ಸೊಪ್ಪು, ಅವರೆಕಾಳಿನ ಹುಳಿ, ಉತ್ತರದ ಜೋಳದ ರೊಟ್ಟಿಯೊಡನೆ ಮಡಕಿಕಾಳು ಪಲ್ಯ, ಪುಂಡಿಪಲ್ಯ, ಹಸಿ ತರಕಾರಿ, ಮಲೆನಾಡಿನ ತಂಬುಳಿ, ಹಬ್ಬಗಳ ಹೆಸರುಬೇಳೆ ಕೋಸಂಬರಿ, ಊಟದ ಕೊನೆಯ ನೀರುಮಜ್ಜಿಗೆ ಇವೆಲ್ಲವೂ ನೀರು, ನಾರು, ಪ್ರೋಟೀನುಗಳನ್ನು ಒದಗಿಸಿ ಹೊಟ್ಟೆಯನ್ನು ತುಂಬಿಸುವಂಥವು. ಶಕ್ತಿಸಾಂದ್ರತೆಯ ಶಾಸ್ತ್ರ ಹುಡುಕುತ್ತಿರುವ ಊಟ ಈ ನಾಡಿನ ಪಾಕಪದ್ಧತಿಯಲ್ಲಿ ಆಗಲೇ ಇದೆ.

ಹಾಗೆಂದು ಹಿಂದಿನ ಊಟವನ್ನು ಅದರ ಪ್ರಮಾಣದೊಂದಿಗೆ ಮರಳಿ ತರಬೇಕೆಂದು ಅರ್ಥವಲ್ಲ. ಎರಡು ದೊಡ್ಡ ಮುದ್ದೆಗಳು ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದು ದುಡಿದವನ ಅಗತ್ಯ. ಕಂಪ್ಯೂಟರಿನ ಮುಂದೆ ಎಂಟು ಗಂಟೆ ಕುಳಿತವನಿಗೆ ಒಂದು ಸಣ್ಣ ಮುದ್ದೆ ಸಾಕು. ಹಳೆಯ ತಟ್ಟೆಯಿಂದ ಆಯ್ದುಕೊಳ್ಳಬೇಕಾದುದು ಕಾಳು, ಸೊಪ್ಪು, ಮಜ್ಜಿಗೆಗಳ ವೈವಿಧ್ಯವನ್ನು. ಕಡಿತ ಮಾಡಬೇಕಾದುದು ಧಾನ್ಯದ ರಾಶಿಯನ್ನು.

8. ರೂಢಿಯನ್ನು ಬದಲಿಸುವ ಕ್ರಮ

ಪಥ್ಯಕ್ಕೂ ರೂಢಿಗೂ ವ್ಯತ್ಯಾಸವಿದೆ. ಪಥ್ಯಕ್ಕೆ ಕೊನೆಯ ದಿನವೊಂದಿರುತ್ತದೆ. ರೂಢಿ ಪ್ರಯತ್ನವಿಲ್ಲದೆ ತಾನಾಗಿ ನಡೆಯುವ ವರ್ತನೆ. ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸ ವರ್ತನೆ ರೂಢಿಯಾಗಲು ತಗುಲಿದ ಕಾಲದ ಮಧ್ಯಮಾಂಕ 66 ದಿನ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ಆದಕಾರಣ ಎಲ್ಲವನ್ನೂ ಒಮ್ಮೆಲೇ ಬದಲಿಸುವುದಕ್ಕಿಂತ ಒಂದೊಂದನ್ನೇ ನೆಲೆಗೊಳಿಸುತ್ತ ಹೋಗುವುದು ಸೂಕ್ತ.

ಮೊದಲ ಹೆಜ್ಜೆ ಕುಡಿಯುವ ಸಕ್ಕರೆಯನ್ನು ಬಿಡುವುದು. ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಕಾಫಿ, ಚಹಾ, ತಂಪು ಪಾನೀಯ, ಪೊಟ್ಟಣದ ಹಣ್ಣಿನ ರಸಗಳೇ ಈ ಮಿತಿಯನ್ನು ದಾಟಿಸುತ್ತವೆ, ಹಾಗೂ ದ್ರವರೂಪದ ಶಕ್ತಿ ಹೊಟ್ಟೆಯನ್ನು ತುಂಬಿಸುವುದಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಎರಡನೆಯದು ಎಣ್ಣೆಯ ಅಳತೆ. ನಾಲ್ವರ ಸಂಸಾರ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬಳಸಿದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕಿಲೋಕ್ಯಾಲರಿ. ಹೋಟೆಲು ಮತ್ತು ಬೇಕರಿಯ ಎಣ್ಣೆ ಇದರ ಹೊರಗೆ. ತಿಂಗಳ ಸಾಮಾನಿನ ಚೀಟಿಯಲ್ಲಿ ಎಣ್ಣೆಯನ್ನು ಮೂರು ಲೀಟರಿಗೆ ಇಳಿಸಿ ಬರೆದರೆ, ಪ್ರತಿದಿನದ ಸಂಯಮದ ಕೆಲಸ ತಿಂಗಳಿಗೊಮ್ಮೆಯ ನಿರ್ಧಾರವಾಗಿ ಮಾರ್ಪಡುತ್ತದೆ.

ಮೂರನೆಯದು ಬಡಿಸುವ ಕ್ರಮ. ಅನ್ನವನ್ನು ಮೊದಲು ರಾಶಿ ಹಾಕಿ ನಂತರ ಸಾರು ಸುರಿಯುವ ಬದಲು, ಕೋಸಂಬರಿ, ಪಲ್ಯ, ಕಾಳುಗಳನ್ನು ಮೊದಲು ಬಡಿಸಿಕೊಂಡು ಸ್ವಲ್ಪ ತಿಂದ ಮೇಲೆ ಅನ್ನ ಅಥವಾ ಮುದ್ದೆಗೆ ಕೈ ಹಾಕಿದರೆ ಧಾನ್ಯದ ಪ್ರಮಾಣ ತಾನಾಗಿ ಇಳಿಯುತ್ತದೆ, ಊಟದ ನಂತರ ರಕ್ತದ ಸಕ್ಕರೆಯ ಏರಿಕೆಯೂ ಮಿತವಾಗುತ್ತದೆ. ನಾಲ್ಕನೆಯದು ಪ್ರತಿ ಊಟದಲ್ಲಿಯೂ ಕಾಳು, ಬೇಳೆ, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಮನೆಯ ಪದ್ಧತಿಗೆ ಒಪ್ಪುವ ಒಂದು ಪ್ರೋಟೀನಿನ ಮೂಲ ಇರುವಂತೆ ನೋಡಿಕೊಳ್ಳುವುದು. ಐದನೆಯದು ಸಂಜೆಯ ತಿಂಡಿ: ಬಿಸ್ಕತ್ತು, ಚಿಪ್ಸ್, ಖಾರದ ಪೊಟ್ಟಣಗಳನ್ನು ಮನೆಗೆ ತರದೆ ಕಡಲೆಕಾಳು ಉಸಲಿ, ಬೇಯಿಸಿದ ನೆಲಗಡಲೆ ಒಂದು ಹಿಡಿ, ಪೇರಲ ಅಥವಾ ಪಪ್ಪಾಯಿ ಇಟ್ಟುಕೊಂಡರೆ ಆಯ್ಕೆ ಸುಲಭವಾಗುತ್ತದೆ. ಕೊನೆಯದಾಗಿ, ಮೊಬೈಲು ಮತ್ತು ಟಿವಿ ಇಲ್ಲದೆ ನಿಧಾನವಾಗಿ ಅಗಿದು ಉಣ್ಣುವುದು ತೃಪ್ತಿಯ ಸಂದೇಶಕ್ಕೆ ಕಾಲಾವಕಾಶ ಕೊಡುತ್ತದೆ.

ಇಂಥ ಬದಲಾವಣೆಗಳಿಂದ ವಾರಕ್ಕೆ ಕಾಲು ಅಥವಾ ಅರ್ಧ ಕಿಲೋ ಇಳಿಯುವುದು ಸಮಂಜಸ ನಿರೀಕ್ಷೆ. ತೂಕ ಕಡಿಮೆಯಾದಂತೆ ದೇಹದ ವ್ಯಯವೂ ತಗ್ಗುವುದರಿಂದ ಕೆಲವು ತಿಂಗಳ ನಂತರ ಇಳಿಕೆ ನಿಧಾನವಾಗುತ್ತದೆ. ಇದು ಸೋಲಲ್ಲ, ದೇಹದ ನಿಯಮ. ಆರಂಭದ ತೂಕದಲ್ಲಿ ಶೇ. 5ರಿಂದ 10 ಇಳಿದು ನಿಂತರೂ ರಕ್ತದೊತ್ತಡ, ರಕ್ತದ ಸಕ್ಕರೆ, ಯಕೃತ್ತಿನ ಕೊಬ್ಬುಗಳಲ್ಲಿ ಸುಧಾರಣೆ ಕಾಣುತ್ತದೆ.

9. ವ್ಯಾಯಾಮದ ಸ್ಥಾನ ಮತ್ತು ಎಚ್ಚರಿಕೆಗಳು

ಈ ವಾದದಿಂದ ವ್ಯಾಯಾಮ ಅನಗತ್ಯವೆಂಬ ತೀರ್ಮಾನಕ್ಕೆ ಯಾರೂ ಬರಬಾರದು. ಊಟದಿಂದ ಮಾತ್ರ ತೂಕ ಇಳಿಸಿದಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಮೊದಲೇ ಸ್ನಾಯು ಕಡಿಮೆಯಿರುವ ಭಾರತೀಯ ದೇಹಕ್ಕೆ ಇದು ದೊಡ್ಡ ನಷ್ಟ, ಮತ್ತು ಸಾಕಷ್ಟು ಪ್ರೋಟೀನು ಹಾಗೂ ಭಾರ ಎತ್ತುವಂಥ ಸ್ನಾಯುಬಲದ ವ್ಯಾಯಾಮಗಳು ಇದನ್ನು ತಡೆಯುತ್ತವೆ. ಹೃದಯ, ಮೂಳೆ, ನಿದ್ದೆ, ಮನಸ್ಸುಗಳ ಸ್ವಾಸ್ಥ್ಯಕ್ಕೆ ವ್ಯಾಯಾಮ ತೂಕ ಇಳಿಯದಿದ್ದರೂ ಫಲ ಕೊಡುತ್ತದೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ, ಹದಿಮೂರು ಕಿಲೋಗಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಉಳಿಸಿಕೊಂಡವರ ನೋಂದಣಿಯಲ್ಲಿ ಬಹುಪಾಲು ಮಂದಿ ಊಟವನ್ನು ಬದಲಿಸಿದ್ದರು, ಜೊತೆಗೆ ದಿನವೂ ದೈಹಿಕ ಚಟುವಟಿಕೆ ಇಟ್ಟುಕೊಂಡಿದ್ದರು. ತೂಕವನ್ನು ಇಳಿಸುವುದು ಊಟ, ಇಳಿದ ತೂಕವನ್ನು ಕಾಯುವುದು ಊಟ ಮತ್ತು ನಡಿಗೆ ಎರಡೂ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಸಲಹೆಯಿಲ್ಲದೆ ಊಟವನ್ನು ಹಠಾತ್ತನೆ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕೃಶರಾದ ವೃದ್ಧರು ತೂಕ ಇಳಿಸುವ ಪಥ್ಯಕ್ಕೆ ಕೈ ಹಾಕಬಾರದು. ಬಹು ವೇಗದ ಇಳಿಕೆಯಿಂದ ಪಿತ್ತಕೋಶದಲ್ಲಿ ಕಲ್ಲುಗಳು ಉಂಟಾಗುವ ಸಂಭವವಿದೆ. ಥೈರಾಯ್ಡ್ ತೊಂದರೆ ಮತ್ತು ಕೆಲವು ಔಷಧಿಗಳಿಂದಲೂ ತೂಕ ಏರುವುದರಿಂದ ಕಾರಣವಿಲ್ಲದ ಏರಿಕೆಗೆ ತಪಾಸಣೆ ಅಗತ್ಯ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ತೀವ್ರ ಬೊಜ್ಜಿರುವವರಿಗೆ ವೈದ್ಯರ ನಿಗಾದಲ್ಲಿ ಉಪಯುಕ್ತ. ಅವು ಮುಖ್ಯವಾಗಿ ಹಸಿವನ್ನು ತಗ್ಗಿಸಿ ಊಟವನ್ನು ಕಡಿಮೆ ಮಾಡಿಸುವ ಮೂಲಕವೇ ಕೆಲಸ ಮಾಡುತ್ತವೆಂಬುದು ಈ ಉಪನ್ಯಾಸದ ವಾದಕ್ಕೆ ಮತ್ತೊಂದು ಆಧಾರ.

10. ಸಮಾಜದ ಹೊಣೆ

ಊಟದ ರೂಢಿ ವ್ಯಕ್ತಿಯೊಬ್ಬನ ಖಾಸಗಿ ವಿಷಯವಾಗಿ ಉಳಿದಿಲ್ಲ. 2022–23ರ ಕುಟುಂಬ ವೆಚ್ಚ ಸಮೀಕ್ಷೆಯಂತೆ ಪಾನೀಯ ಮತ್ತು ಸಂಸ್ಕರಿತ ಆಹಾರಗಳಿಗೆ ಹೋಗುವ ಪಾಲು ಹಳ್ಳಿಗಳ ಮನೆವೆಚ್ಚದಲ್ಲಿ ಶೇ. 9.6, ಪಟ್ಟಣಗಳಲ್ಲಿ ಶೇ. 10.6, ಎರಡೂ ಕಡೆ ಇದು ಧಾನ್ಯಗಳ ವೆಚ್ಚವನ್ನು ಮೀರಿದೆ. ಇನ್ನೊಂದೆಡೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಬೊಜ್ಜು ಮತ್ತು ಅಪೌಷ್ಟಿಕತೆ ಎರಡಕ್ಕೂ ಮದ್ದು ಒಂದೇ ದಿಕ್ಕಿನಲ್ಲಿದೆ: ಅಗ್ಗದ ಪಿಷ್ಟ ಮತ್ತು ಎಣ್ಣೆಯ ಜಾಗಕ್ಕೆ ಕಾಳು, ಸೊಪ್ಪು, ಹಣ್ಣು, ಹಾಲು, ಮೊಟ್ಟೆಗಳು ಬರಬೇಕು. ಪಡಿತರದಲ್ಲಿ ಅಕ್ಕಿಯ ಜೊತೆಗೆ ಬೇಳೆಕಾಳುಗಳಿಗೂ ಖಚಿತ ಸ್ಥಾನ, ಶಾಲೆಯ ಬಿಸಿಯೂಟದಲ್ಲಿ ಹೆಚ್ಚಿನ ತರಕಾರಿ, ಕಚೇರಿ ಕ್ಯಾಂಟೀನುಗಳಲ್ಲಿ ಕರಿದ ತಿಂಡಿಗೆ ಬದಲಿ, ಪೊಟ್ಟಣಗಳ ಮುಖದ ಮೇಲೆ ಸಕ್ಕರೆ, ಉಪ್ಪು, ಕೊಬ್ಬಿನ ಸ್ಪಷ್ಟ ಎಚ್ಚರಿಕೆ ಇವು ಸರ್ಕಾರ ಮತ್ತು ಸಂಸ್ಥೆಗಳು ಮಾಡಬೇಕಾದ ಕೆಲಸಗಳು.

ಮನೆಯೊಳಗೂ ಹೊಣೆ ಹಂಚಿಕೆಯಾಗಬೇಕು. ಕಾಳು ನೆನೆಸಿ ಮೊಳಕೆ ಕಟ್ಟುವ, ಸೊಪ್ಪು ಬಿಡಿಸುವ, ತರಕಾರಿ ಹೆಚ್ಚುವ ಕೆಲಸಕ್ಕೆ ಸಮಯ ಬೇಕು, ಆ ಸಮಯ ಇಂದಿಗೂ ಹೆಚ್ಚಾಗಿ ಹೆಂಗಸರದೇ. ಮನೆಯ ಗಂಡಸರು ಅಡುಗೆಮನೆಗೆ ಬಾರದೆ ಆರೋಗ್ಯಕರ ಊಟವನ್ನು ಮಾತ್ರ ಬೇಡಿದರೆ ಆ ರೂಢಿ ಬಾಳುವುದಿಲ್ಲ. ಹಬ್ಬ ಮತ್ತು ಮದುವೆಗಳಲ್ಲಿ ಬಲವಂತ ಮಾಡಿ ಬಡಿಸುವುದನ್ನು ಪ್ರೀತಿಯ ಅಳತೆಗೋಲಾಗಿ ಕಾಣುವುದನ್ನೂ ಸಮಾಜ ಬಿಡಬೇಕಾಗಿದೆ. ಸಾಕು ಎಂದವರ ಮಾತಿಗೆ ಬೆಲೆ ಕೊಡುವುದು ಕೂಡ ಆತಿಥ್ಯವೇ.

ತೂಕ ಇಳಿಸಬೇಕೆಂದು ಬಯಸುವ ಪ್ರತಿಯೊಬ್ಬರೂ ಹೊಸ ಜಿಮ್ಮಿನ ಶುಲ್ಕ ಕಟ್ಟುವ ಮೊದಲು ಮನೆಯ ಈ ತಿಂಗಳ ಸಾಮಾನಿನ ಚೀಟಿಯನ್ನು ಮನೆಮಂದಿಯೊಡನೆ ಕುಳಿತು ಓದಲಿ, ಅದರಲ್ಲಿ ಸಕ್ಕರೆ ಮತ್ತು ಎಣ್ಣೆಯ ಅಳತೆಯನ್ನು ಇಳಿಸಿ, ಕಾಳು ಮತ್ತು ತರಕಾರಿಯ ಅಳತೆಯನ್ನು ಏರಿಸಿ ಬರೆಯಲಿ, ಮತ್ತು ಆ ಚೀಟಿಯನ್ನು ಕನಿಷ್ಠ ಮೂರು ತಿಂಗಳು ಬದಲಿಸದೆ ಪಾಲಿಸಲಿ ಎಂಬುದು ಈ ಉಪನ್ಯಾಸದ ವಿನಂತಿ.